ಮೋಕ್ಷಿತಾ ಯಾಕೆ ಮಾತು ಬಿಟ್ಟಳು?

ಮಾದಾಪುರದ ಆಚೆಗೆ, ಕಾಫಿ ತೋಟದ ಅಂಚಿನಲ್ಲಿ ಸಾಂತಪ್ಪನವರ ಮನೆ. ಆ ಮನೆಯಲ್ಲಿ ಈ ಬೇಸಿಗೆ ಒಂದು ವಿಚಿತ್ರ ನಡೆಯಿತು. ಬಾಯಿ ಮುಚ್ಚು ಎಂದರೂ ಮುಚ್ಚದಿದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟಳು.

ಅವಳ ಹೆಸರು ಮೋಕ್ಷಿತಾ. ಸಾಂತಪ್ಪನವರ ಮಗ ಮಿಲನ್, ಸೊಸೆ ಯಮುನ. ಅವರಿಬ್ಬರಿಗೆ ಇವಳೊಬ್ಬಳೇ ಮಗಳು. ಶಾಲೆ ಶುರುವಾದರೆ ಒಂದನೇ ಕ್ಲಾಸು. ಏಪ್ರಿಲ್ ನಡುವೆ ಬರುವ ಬಿಸು ಹಬ್ಬದವರೆಗೂ ಅವಳ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಮನೆಯವರು ಸುಸ್ತಾಗಿದ್ದರು. ಕಾಫಿ ಹೂ ಬಿಳಿ, ಹಣ್ಣು ಕೆಂಪು, ಲೋಟದಲ್ಲಿ ಮಾತ್ರ ಕಪ್ಪು ಯಾಕೆ? ಜಿಗಣೆಗೆ ಹಲ್ಲು ಉಂಟಾ? ರಾತ್ರಿ ಬರುವ ಮಳೆಗೆ ದಾರಿ ಕಾಣುವುದು ಹೇಗೆ? ಯಮುನ ಒಲೆ ಮುಂದೆ ಕೂತರೂ ಬಿಡುವಿಲ್ಲ, ಬಟ್ಟೆ ಒಗೆಯಲು ಹೋದರೂ ಬಿಡುವಿಲ್ಲ. ಒಂದು ದಿನ ತಲೆಕೆಟ್ಟು, "ಸ್ವಲ್ಪ ಸುಮ್ಮನಿರು ಮಾರಾಯ್ತಿ" ಎಂದು ಮಗಳಿಗೆ ಕೈಯನ್ನೂ ಮುಗಿದಿದ್ದಳು.

ಈಗ ಮಗಳು ಸುಮ್ಮನಿದ್ದಾಳೆ. ಯಮುನಳಿಗೆ ಅದೇ ದೊಡ್ಡ ಹೆದರಿಕೆಯಾಗಿದೆ.

ಊಟ ಬೇಕಾ ಎಂದರೆ ತಲೆ ಆಡಿಸುತ್ತಾಳೆ. ಬೇಡದಿದ್ದರೆ ಆ ಕಡೆ ತಿರುಗಿಕೊಳ್ಳುತ್ತಾಳೆ. ಓಡುತ್ತಾಳೆ, ಮರ ಹತ್ತುತ್ತಾಳೆ, ಹಲಸಿನ ತೊಳೆ ತಿಂದು ಕೈಗೆಲ್ಲ ಮೇಣ ಮಾಡಿಕೊಳ್ಳುತ್ತಾಳೆ. ಎಲ್ಲ ಮೊದಲಿನ ಹಾಗೇ. ಮಾತೊಂದು ಮಾತ್ರ ಇಲ್ಲ.

ಪಕ್ಕದ ಮನೆಯ ಪೊನ್ನಮ್ಮ ಬಂದು, "ಯಾರದೋ ಕಣ್ಣು ತಾಗಿದೆ" ಎಂದು ದೃಷ್ಟಿ ತೆಗೆದು ಹೋದರು. ಕಣ್ಣು ಹೋಯಿತೋ ಏನೋ, ಮಾತು ಬರಲಿಲ್ಲ. ಪಿಕಪ್ ಓಡಿಸುವ ಮಿಲನ್, "ಎಲ್ಲೋ ಹೆದರಿರಬೇಕು, ಸರಿಹೋಗ್ತಾಳೆ" ಎಂದು ಗಾಡಿ ಹತ್ತಿದ. ಆದರೆ ಸಾಂತಪ್ಪನವರು ಹೇಳಿದ ಮಾತು ಮಾತ್ರ ಯಮುನಳ ನಿದ್ದೆ ಕೆಡಿಸಿತು. ಈ ವರ್ಷ ಶಾಲೆ ಬೇಡ ಎಂದರು ಅವರು. ಟೀಚರ್ ಕೇಳಿದ್ದಕ್ಕೆ ಹೀಗೆ ಕಲ್ಲಿನ ಹಾಗೆ ನಿಂತರೆ ಎಲ್ಲರೂ ಪೆದ್ದಿ ಎನ್ನುತ್ತಾರೆ, ಮುಂದಿನ ವರ್ಷ ನೋಡೋಣ ಎಂದರು.

ಓರಗೆಯ ಮಕ್ಕಳೆಲ್ಲ ಬ್ಯಾಗು ಹಾಕಿಕೊಂಡು ಹೋಗುವಾಗ ತನ್ನ ಮಗಳು ಗೇಟಿನ ಹತ್ತಿರ ನಿಂತು ನೋಡಬೇಕೇ? ಮಾವನ ಮಾತಿಗೆ ಎದುರಾಡಿ ಯಮುನಳಿಗೆ ಅಭ್ಯಾಸವಿರಲಿಲ್ಲ. ಹಾಗೆಂದು ಸುಮ್ಮನೆ ಒಪ್ಪಿಕೊಳ್ಳಲೂ ಮನಸ್ಸು ಬರಲಿಲ್ಲ. ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಮಾತು ಹೋಗಿದ್ದರೆ ಎಲ್ಲಿಗೆ ಹೋಯಿತು?

ಶಾಲೆ ತೆರೆಯಲು ಇನ್ನು ಕೆಲವೇ ದಿನ ಇರುವಾಗ, ಒಂದು ಬೆಳಿಗ್ಗೆ ಕುಸುಮಾ ಟೀಚರ್ ಕೊಡೆ ಹಿಡಿದುಕೊಂಡು ಬಂದರು. ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು ಅವರದೇ. ಹೊಸದಾಗಿ ಸೇರುವ ಮಕ್ಕಳ ಮನೆಗೆ ಮೊದಲೇ ಒಮ್ಮೆ ಹೋಗಿ ಬರುವುದು ಅವರ ಪದ್ಧತಿ.

ಸಾಂತಪ್ಪನವರು ಜಗಲಿಯಲ್ಲೇ ಎದ್ದು ನಿಂತರು. "ಬನ್ನಿರಿ, ಅಧ್ಯಾಪಕಿಯವರೇ. ಆಸನವನ್ನು ಸ್ವೀಕರಿಸಿರಿ" ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಮೋಕ್ಷಿತಾ, ಅತಿಥಿಗಳಿಗೆ ಕುಡಿಯಲು ನೀರನ್ನು ತೆಗೆದುಕೊಂಡು ಬಾ" ಎಂದರು.

ಕುಸುಮಾ ಟೀಚರ್ ಒಮ್ಮೆ ಸುತ್ತಲೂ ನೋಡಿದರು. ಈ ಮನೆಯಲ್ಲಿ ನಾಟಕದ ತಾಲೀಮು ಏನಾದರೂ ನಡೆಯುತ್ತಿದೆಯಾ ಎಂದು ಅವರಿಗೆ ಅನುಮಾನ ಬಂದಿರಬೇಕು. ಅಷ್ಟರಲ್ಲಿ ಯಮುನ ಹೊರಗೆ ಬಂದು, "ನಾನು ಬೆಲ್ಲದ ಕಾಫಿಯನ್ನು ಮಾಡಿಕೊಂಡು ಬರುತ್ತೇನೆ" ಎಂದು ಒಂದೊಂದೇ ಪದ ಜೋಡಿಸಿ ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದಳು.

ಮೋಕ್ಷಿತಾ ನೀರು ತಂದಳು. ಟೀಚರ್ ಹೆಸರು ಕೇಳಿದರು. ಉತ್ತರ ಇಲ್ಲ. ಮಳೆ ಇಷ್ಟವಾ, ಬಿಸಿಲು ಇಷ್ಟವಾ ಎಂದರು. ಅದಕ್ಕೂ ಇಲ್ಲ. ಹುಡುಗಿ ಕಾಲಿನ ಹೆಬ್ಬೆರಳಿನಲ್ಲಿ ನೆಲ ಕೆರೆದು, ಲೋಟ ತೆಗೆದುಕೊಂಡು ಹಿತ್ತಲಿಗೆ ಓಡಿಬಿಟ್ಟಳು.

"ನೋಡಿದಿರಲ್ಲ" ಎಂದರು ಸಾಂತಪ್ಪನವರು. "ಈ ವರ್ಷ ಇವಳನ್ನು ಕಳುಹಿಸುವುದಿಲ್ಲ."

ಕಾಫಿಗೆಂದು ಒಳಗೆ ಹೊರಟಿದ್ದ ಯಮುನ ಬಾಗಿಲಲ್ಲೇ ನಿಂತಳು. ಟೀಚರ್ ಮುಖದಲ್ಲಿ ಬೇಸರ ಕಾಣಲಿಲ್ಲ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವವರ ಹಾಗೆ ಏನೋ ಯೋಚಿಸುತ್ತಿದ್ದರು.

"ಕಿವಿ ಚೆನ್ನಾಗಿ ಕೇಳಿಸುತ್ತಾ ಯಮುನ ಅವರೇ?"

"ಕೇಳಿಸುತ್ತದೆ ಟೀಚರ್. ಅಪ್ಪನ ಗಾಡಿ ತಿರುವಿನಲ್ಲಿ ಬರುವಾಗ ನಮಗಿಂತ ಮೊದಲು ಇವಳಿಗೇ ಗೊತ್ತಾಗುತ್ತದೆ."

"ಜ್ವರ ಬಂದಿತ್ತಾ? ಎಲ್ಲಾದ್ರೂ ಬಿದ್ದಿದ್ದಾಳಾ? ಯಾರಾದ್ರೂ ಹೊಡೆದ್ರಾ, ಹೆದರಿಸಿದ್ರಾ?"

"ಇಲ್ಲ ಟೀಚರ್. ಎಂತದೂ ಇಲ್ಲ."

"ಯಾವಾಗಿಂದ ಹೀಗೆ?"

"ಬಿಸು ಕಳೆದ ಮೇಲೆ."

"ಸರಿ. ಬಿಸು ಕಳೆದ ಮೇಲೆ ಈ ಮನೇಲಿ ಏನು ಬದಲಾಯ್ತು?"

ಯಮುನ ಮಾವನ ಮುಖ ನೋಡಿದಳು. ಮಾವ ಎದೆ ಸೆಟೆಸಿ ಕೂತರು. "ಮನೆಯಲ್ಲಿ ಅರೆಭಾಷೆಯನ್ನು ನಿಲ್ಲಿಸಿದ್ದೇವೆ. ಮಗು ಶಾಲೆಗೆ ಸಿದ್ಧವಾಗಬೇಕಲ್ಲವೇ?"

ಅರೆಭಾಷೆ ಎಂದರೆ ಆ ಮನೆಯ ಮಾತು. ಅದೂ ಕನ್ನಡದ್ದೇ ಒಂದು ಬಗೆ, ಆದರೆ ಪುಸ್ತಕದ ಹಾಗಲ್ಲ. ಪುಸ್ತಕದ 'ಇದೆ' ಅವರಿಗೆ 'ಉಟ್ಟು', 'ಇಲ್ಲ' ಅವರಿಗೆ 'ಇಲ್ಲೆ'. ಅಜ್ಜ ಮುತ್ತಜ್ಜಂದಿರ ಕಾಲದಿಂದ ಆ ಮನೆಯ ಜಗಳ, ಜೋಗುಳ, ಮದುವೆ ಮಾತುಕತೆ ಎಲ್ಲ ಅದರಲ್ಲೇ ನಡೆದದ್ದು. ಹಬ್ಬದ ಮಾರನೇ ದಿನ ಸಾಂತಪ್ಪನವರು ಎಲ್ಲರನ್ನೂ ಕೂರಿಸಿ, ಇನ್ನು ಮೇಲೆ ಪುಸ್ತಕದ ಕನ್ನಡ ಮಾತ್ರ ಎಂದು ಕಟ್ಟಪ್ಪಣೆ ಮಾಡಿದ್ದರು. ಮಗು ಬಾಯಿ ತಪ್ಪಿ ಮನೆ ಮಾತು ಆಡಿದರೆ ಹತ್ತಿರ ಇದ್ದವರು, "ತಪ್ಪು, ಸರಿಯಾಗಿ ಹೇಳು" ಎನ್ನಬೇಕು. ಎಲ್ಲರೂ ಪಾಪ, ನಿಯತ್ತಾಗಿ ಹಾಗೇ ಅಂದರು. ಮಿಲನ್ ಅಂತೂ ಈ ಕಷ್ಟ ಯಾರಿಗೆ ಬೇಕೆಂದು ಊಟಕ್ಕೆ ಕೂತರೆ ಸಾರು ಬೇಕಾದರೂ ಕೈ ತೋರಿಸಲು ಶುರುಮಾಡಿದ.

ಇದನ್ನೆಲ್ಲ ಕೇಳಿ ಕುಸುಮಾ ಟೀಚರ್ ನಕ್ಕರು. "ಹಾಗಾದ್ರೆ ಮಾತು ಬಿಟ್ಟಿರೋದು ಮಗು ಒಬ್ಬಳೇ ಅಲ್ಲ, ಬಿಡಿ."

ಸಾಂತಪ್ಪನವರು ಉತ್ತರ ಕೊಡಬೇಕು ಎನ್ನುವಾಗ ಹಿತ್ತಲಿನಿಂದ ಒಂದು ಧ್ವನಿ ಕೇಳಿಸಿತು. ಯಮುನ ಬೆಚ್ಚಿದಳು. ಅದು ಮೋಕ್ಷಿತಾಳ ಧ್ವನಿ. ಒಂದಲ್ಲ ಎರಡಲ್ಲ, ಮಾತಿನ ಮೇಲೆ ಮಾತು, ಥೇಟ್ ಮೊದಲಿನ ಹಾಗೆ. ಮೂವರೂ ಸದ್ದು ಮಾಡದೆ ಅಡುಗೆಮನೆ ದಾಟಿ ಹಿಂಬಾಗಿಲಿಗೆ ಬಂದರು.

ಸೌದೆ ಕೊಟ್ಟಿಗೆಯ ಹತ್ತಿರ ಮೋಕ್ಷಿತಾ ಕುಕ್ಕರಗಾಲಿನಲ್ಲಿ ಕೂತಿದ್ದಳು. ಮುಂದೆ ಮರಿಗಳ ಸಮೇತ ಒಂದು ಕೋಳಿ. ಕೈಯಲ್ಲಿ ಒಂದು ಕಡ್ಡಿ. ಅವಳ ಮಾತು ಪೂರಾ ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಸ್ವಲ್ಪ ಸಡಿಲ ಮಾಡಿ ಬರೆದಿದ್ದೇವೆ.

"ಇದು ಶಾಲೆ ಗೊತ್ತಾತಾ? ಶಾಲೆಲಿ ಕೊಕ್ಕೊಕ್ಕೊ ಅಂತ ಹೇಳಿಕೆ ಇಲ್ಲೆ. ಅದು ಮನೆ ಮಾತು."

ಒಂದು ಮರಿ ಚಿಂವ್ ಅಂದಿತು.

"ತಪ್ಪು! ಸರಿಯಾಗಿ ಹೇಳು!" ಕಡ್ಡಿ ನೆಲಕ್ಕೆ ಬಡಿಯಿತು. ಮರಿ ಇನ್ನೊಮ್ಮೆ ಚಿಂವ್ ಅಂದಿತು. ಮೋಕ್ಷಿತಾ ನಿಟ್ಟುಸಿರುಬಿಟ್ಟು, ದೊಡ್ಡವರ ಹಾಗೆ ದನಿ ತಗ್ಗಿಸಿದಳು. "ನಿಂಗೆ ಬುದ್ಧಿ ಇಲ್ಲೆ. ಬಾಯಿ ತೆಗೆದ್ರೆ ತಪ್ಪೇ ಆಗುದು. ತೆಗಿಲೇ ಬೇಡ. ನನ್ನ ನೋಡು, ನಾ ಬಾಯಿ ತೆಗಿತೆನಾ? ಈಗ ನಂಗೆ ಯಾರೂ ತಪ್ಪು ಹೇಳುದಿಲ್ಲೆ."

ಯಮುನಳಿಗೆ ಅಳು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ಹಿಡಿದಳು. ಮಗಳಿಗೆ ದಿನಕ್ಕೆಷ್ಟು ಸಲ ತಪ್ಪು ಎಂದಿದ್ದೆನೋ ಎಂದು ಎಣಿಸಲು ಹೋಗಿ, ಎಣಿಸಲಾಗದೆ ಬಿಟ್ಟಳು. ಕಣ್ಣೂ ತಾಗಿಲ್ಲ, ಕಾಯಿಲೆಯೂ ಇಲ್ಲ. ಮಗು ತಪ್ಪಿಸಿಕೊಳ್ಳಲು ಒಂದು ದಾರಿ ಕಂಡುಕೊಂಡಿತ್ತು, ಅಷ್ಟೇ.

ಸಾಂತಪ್ಪನವರು ಬಾಗಿಲಿನ ದಾರಂದ ಹಿಡಿದುಕೊಂಡು ನಿಂತಿದ್ದರು. ಬಾಯಿ ತೆರೆದಾಗ ಅವರ ಪುಸ್ತಕದ ಕನ್ನಡ ಎಲ್ಲಿ ಹೋಗಿತ್ತೋ.

"ನಂಗೂ ಇವಳಷ್ಟೇ ಪ್ರಾಯ ಟೀಚರೆ, ಶಾಲೆಗೆ ಹಾಕುವಾಗ. ಮೇಷ್ಟ್ರು ನಿಮ್ಮನೇಲಿ ಹಸು ಇದೆಯಾ ಕೇಳಿದ್ರು. ಉಟ್ಟು ಅಂದೆ. ಕ್ಲಾಸಿಗೆ ಕ್ಲಾಸೇ ನಗಾಡ್ತು. ಮೇಷ್ಟ್ರೂ ನಗಾಡಿದ್ರು. ಆಮೇಲೆ ನಂಗೆ ಅದೇ ಅಡ್ಡಹೆಸರು. ಉತ್ತರ ಗೊತ್ತಿದ್ರೂ ನಾ ಅಲ್ಲಿ ಬಾಯಿ ಬಿಡ್ಲಿಲ್ಲ. ನಾಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಈ ಕೂಸಿಗೆ ಹಂಗೆ ಆಗ್ಬಾರ್ದು ಅಂತ..."

 ಈ ಮನೆಗೆ ಬಂದು ಇಷ್ಟು ವರ್ಷವಾದರೂ ಯಮುನ ಈ ಕಥೆ ಕೇಳಿರಲಿಲ್ಲ. ಮಾವನದು ಬರೀ ಹಟ ಎಂದು ಒಳಗೊಳಗೇ ಸಿಟ್ಟು ಮಾಡಿಕೊಂಡಿದ್ದಳು. ಈಗ ಆ ಸಿಟ್ಟೆಲ್ಲ ಇಳಿದು, ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಒಬ್ಬ ಸಣ್ಣ ಹುಡುಗನ ಬಗ್ಗೆ ಪಾಪ ಅನಿಸಿತು.

"ನಿಮ್ಮನ್ನ ನೋಡಿ ನಕ್ಕಿದ್ದು ಅವರ ತಪ್ಪು ಯಜಮಾನ್ರೇ" ಎಂದರು ಟೀಚರ್. "ನಿಮ್ಮ ಮಾತಲ್ಲಿ ಏನೂ ತಪ್ಪಿರಲಿಲ್ಲ."

"ಅದು ಸರಿ. ಆದ್ರೆ ಪುಸ್ತಕ ಇರುವುದು ಅರೆಭಾಷೆಲಿ ಅಲ್ವಲ್ಲ. ಮನೆಲಿ ಇದನ್ನೇ ಆಡ್ತಾ ಇದ್ರೆ ಶಾಲೆದು ಬರುವುದು ಯಾವಾಗ?"

"ತೋಟದಲ್ಲಿ ಕಾಳುಮೆಣಸಿನ ಬಳ್ಳಿ ನೆಡ್ತೀರಲ್ಲ, ಬಳ್ಳಿಗೆ ಜಾಗ ಬೇಕು ಅಂತ ಮರ ಕಡೀತೀರಾ?"

"ಮರ ಕಡಿದ್ರೆ ಬಳ್ಳಿ ಹಬ್ಬುವುದು ಎಲ್ಲಿಗೆ ಮಾರ್ರೆ?"

"ಅಷ್ಟೇ ನಾನು ಹೇಳೋದು. ಎಣಿಸೋದು, ಕಥೆ ಹೇಳೋದು, ಯಾಕೆ ಏನು ಅಂತ ಕೇಳೋದು, ಇದೆಲ್ಲ ಇವಳಿಗೆ ಮನೆ ಮಾತಲ್ಲೇ ಬಂದಿದೆ. ಶಾಲೆ ಕನ್ನಡ ಅದನ್ನ ಹಿಡ್ಕೊಂಡೇ ಮೇಲೆ ಹತ್ತಬೇಕು. ಮನೇಲಿ ಚೆನ್ನಾಗಿ ಮಾತಾಡೋ ಮಗು ಶಾಲೆ ಮಾತನ್ನೂ ಬೇಗ ಕಲಿಯುತ್ತೆ. ಅದನ್ನ ಕಲಿಸೋದು ನನ್ನ ಕೆಲಸ, ನಂಗೆ ಬಿಡಿ. ನೀವು ಕಥೆ ಹೇಳಿ, ಅವಳು ಕೇಳಿದ್ದಕ್ಕೆ ಉತ್ತರ ಕೊಡಿ, ಸಾಕು."

ಯಮುನ ಧೈರ್ಯ ಮಾಡಿದಳು. "ಹಾಗಾದ್ರೆ ಈ ವರ್ಷವೇ ಕಳಿಸಬಹುದಾ ಟೀಚರ್?"

"ಕಳಿಸಲೇಬೇಕು. ಮೊದಲನೇ ದಿನವೇ ಕಳಿಸಿ. ಆಮೇಲೆ ಸೇರಿಸೋಣ ಅಂತ ಕೂತರೆ ಅಷ್ಟರಲ್ಲಿ ಉಳಿದ ಮಕ್ಕಳೆಲ್ಲ ಒಬ್ಬರಿಗೊಬ್ಬರು ಗೆಳೆಯರಾಗಿರ್ತಾರೆ, ಇವಳು ಒಂಟಿ ಆಗ್ತಾಳೆ. ಶುರುವಿನ ವಾರಗಳಲ್ಲಿ ನಾವು ಪಾಠ ತಲೆ ಮೇಲೆ ಹೇರಲ್ಲ. ಹಾಡು, ಆಟ, ಚಿತ್ರ, ಕಥೆ, ಇದರಲ್ಲೇ ಕಲಿಕೆ. ಹಾಂ, ಒಂದು ಮಾತು. ಯಾವ ಭಾಷೆಯಲ್ಲೂ ಯಾರ ಹತ್ತಿರವೂ ಮಾತಾಡದ ಮಗು, ಕರೆದ್ರೆ ತಿರುಗಿ ನೋಡದ ಮಗು ಆದ್ರೆ ದೃಷ್ಟಿ ತೆಗೀತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ ಕಿವಿ ಪರೀಕ್ಷೆ ಮಾಡಿಸಿ. ಆ ಮಗುವಿಗೂ ಶಾಲೆ ಬಿಡಿಸೋದು ಬೇಡ."

ಆಮೇಲೆ ಟೀಚರ್ ಹೊಸ್ತಿಲ ಹತ್ತಿರವೇ ಕೂತುಬಿಟ್ಟರು. "ಈಗ ನಂಗೆ ನೀವು ಪಾಠ ಹೇಳಿ. ನಾನು ಸೋಮವಾರಪೇಟೆ ಕಡೆಯವಳು, ನಿಮ್ಮ ಮಾತು ನಂಗೆ ಬರಲ್ಲ. ಇವಳಿಗೆ ಬಾಯಾರಿಕೆ ಆದ್ರೆ ಏನಂತ ಕೇಳ್ತಾಳೆ? ಒಂದಕ್ಕೆ ಬಂದ್ರೆ? ಹೊಟ್ಟೆ ನೋವು ಬಂದ್ರೆ? ಯಾವುದಕ್ಕೆ ಹೆದರ್ತಾಳೆ? ಇದು ಗೊತ್ತಿಲ್ಲದೆ ನಾನು ಹೇಗೆ ನೋಡ್ಕೊಳ್ಳಲಿ?"

ಟೀಚರ್ ಒಬ್ಬರು ತನ್ನ ಹತ್ತಿರ ಕೇಳಿ ತಿಳಿದುಕೊಳ್ಳುವುದು ಏನಿರುತ್ತದೆ ಎಂದೇ ಯಮುನ ಅದುವರೆಗೆ ತಿಳಿದಿದ್ದಳು. ಹೇಳಲು ಶುರುಮಾಡಿದರೆ ಎಷ್ಟೊಂದಿತ್ತು! ಗುಡುಗು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಕತ್ತಲೆ ಇರುವ ಶೌಚಾಲಯಕ್ಕೆ ಒಬ್ಬಳೇ ಹೋಗುವುದಿಲ್ಲ. ರೇನ್‌ಕೋಟಿನ ಗುಂಡಿ ಹಾಕಲು ಬರುವುದಿಲ್ಲ, ತೆಗೆಯಲು ಬರುತ್ತದೆ. ಸಾಂತಪ್ಪನವರು ಮಾತುಗಳನ್ನು ಕಲಿಸಲು ನಿಂತರು. ನೀರ್ ಬೇಕು. ಒಂದಕ್ಕೆ ಹೋಕು. ಹೊಟ್ಟೆಬೇನೆ ಉಟ್ಟು.

ಕುಸುಮಾ ಟೀಚರ್‌ಗೆ 'ಉಟ್ಟು' ಬಹಳ ಹಿಡಿಸಿತು. ಹಿಡಿಸಿದ್ದನ್ನು ಎಲ್ಲದಕ್ಕೂ ಅಂಟಿಸಿದರು. "ನೀರ್ ಬೇಕುಟ್ಟು" ಎಂದರು ಜೋರಾಗಿ.

ಸೌದೆಯ ಮರೆಯಿಂದ ಕಿಸಕ್ಕನೆ ಒಂದು ನಗು. ಮೋಕ್ಷಿತಾ ಯಾವಾಗಲೋ ಹತ್ತಿರ ಬಂದಿದ್ದಳು. "ಬೇಕುಟ್ಟು ಅಲ್ಲ ಟೀಚರೆ! ನೀರ್ ಬೇಕು!" ಎಂದಳು. ಹೇಳಿದ ಮೇಲೆ ಹೆದರಿ ಅಜ್ಜನ ಮುಖ ನೋಡಿದಳು.

"ಟೀಚರಿಗೆ ಬರುವುದಿಲ್ಲ. ನೀ ಕಲ್ಸು ಗೂಡೆ" ಎಂದರು ಅಜ್ಜ. ಗೂಡೆ ಎಂದರೆ ಹುಡುಗಿ. ಎಷ್ಟೋ ದಿನದಿಂದ ಅವರು ಮೊಮ್ಮಗಳನ್ನು ಹಾಗೆ ಕರೆದಿರಲಿಲ್ಲ.

ಆಮೇಲಿನದನ್ನು ಕೇಳಬೇಡಿ. ಯಮುನ ತಂದುಕೊಟ್ಟ ಕಾಫಿಯನ್ನು ಟೀಚರ್ ಕುಡಿದು ಮುಗಿಸುವಷ್ಟರಲ್ಲಿ ಶಾಲೆಯಲ್ಲಿ ಕಪ್ಪೆ ಉಂಟಾ, ಗಂಟೆ ಹೊಡೆಯುವುದು ಯಾರು, ಟೀಚರ್ ರಾತ್ರಿ ಶಾಲೆಯಲ್ಲೇ ಮಲಗುವುದಾ ಎಂದೆಲ್ಲ ವಿಚಾರಣೆ ಆಗಿತ್ತು.

ಶಾಲೆ ತೆರೆಯುವ ಮೊದಲು ಯಮುನ ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಅಮ್ಮ ಬಂದು ನಿಲ್ಲುವ ಜಾಗ ಎಲ್ಲಿ ಎಂದು ತೋರಿಸಿದಳು. ರಾತ್ರಿ ಬೇಗ ಮಲಗಿಸಿ, ಬೆಳಿಗ್ಗೆ ಶಾಲೆಯ ಹೊತ್ತಿಗೆ ಎಬ್ಬಿಸಿ ರೂಢಿ ಮಾಡಿಸಿದಳು. ರೇನ್‌ಕೋಟಿನ ಗುಂಡಿ ಹಾಕಿಸುವ ಕೆಲಸ ಅಜ್ಜನದು. ಆ ಪಾಠ ಅರೆಭಾಷೆಯಲ್ಲೇ ನಡೆಯಿತು.

ಮೊದಲ ದಿನ ಜೋರು ಮಳೆ. ಮಕ್ಕಳನ್ನು ಒಳಗೆ ಬಿಟ್ಟು ದೊಡ್ಡವರೆಲ್ಲ ಶಾಲೆಯ ಜಗಲಿಯಲ್ಲಿ ನಿಂತಿದ್ದರು. ಸಾಂತಪ್ಪನವರು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಒಳಗೆ ಕೊಡವ ಮಕ್ಕಳು, ಮಲಯಾಳ ಮಾತಾಡುವ ಮಕ್ಕಳು, ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ತಮಿಳಿನ ಮಕ್ಕಳು. ಮೋಕ್ಷಿತಾ ಪಕ್ಕದಲ್ಲಿ ಕೂತ ಸುಧಾ ಲೈನ್ ಮನೆಯವಳು. ಆ ಮಗು ಕಾಲು ಬಿಗಿಹಿಡಿದು, ತುಟಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿತ್ತು. ಕನ್ನಡದಲ್ಲಿ ಏನೆಂದು ಕೇಳಬೇಕೋ ಅದಕ್ಕೆ ಗೊತ್ತಿರಲಿಲ್ಲ. ಟೀಚರ್ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಿದ್ದರು, ನೋಡಿರಲಿಲ್ಲ.

ಮೋಕ್ಷಿತಾ ಎದ್ದು ನಿಂತಳು.

"ಟೀಚರೆ! ಸುಧಾಗೆ ಒಂದಕ್ಕೆ ಹೋಕು! ಬೇಗ!"

ಸಾಂತಪ್ಪನವರ ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿಯಿತು. ಮೈಯೆಲ್ಲ ಕಿವಿಯಾಗಿ ಕಾದರು. ಈಗ ನಗುತ್ತಾರೆ, ಈಗ ನಗುತ್ತಾರೆ.

ಕುಸುಮಾ ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಬಂದು ಸುಧಾಳ ಕೈ ಹಿಡಿದರು. "ಬಾ ಕಂದ, ಹೋಗೋಣ. ಒಳ್ಳೇದು ಮಾಡ್ದೆ ಮೋಕ್ಷಿತಾ" ಎಂದರು. ಆ ಹೊತ್ತಿಗೆ ಇನ್ನೂ ಇಬ್ಬರು 'ನಂಗೂ' ಎಂದು ಎದ್ದು ನಿಂತಿದ್ದರು. ಉಳಿದವರು ಬೋರ್ಡಿನ ಚಿತ್ರಕ್ಕೆ ಬಾಲ ಯಾಕಿಲ್ಲ ಎಂದು ಗಲಾಟೆ ಮಾಡುತ್ತಿದ್ದರು.

ಸಾಂತಪ್ಪನವರು ತಿರುಗಿ ಸೊಸೆಯ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಯಾರೂ ನಗಾಡ್ಲಿಲ್ಲ ಅಲ್ವಾ ಯಮುನ?"

"ಇಲ್ಲ ಮಾವ. ಯಾರೂ ನಗಾಡ್ಲಿಲ್ಲ."

ಇದನ್ನು ಓದಿದ, ಕೇಳಿದ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಈ ಸಲ ಶಾಲೆಗೆ ಹೊರಟ ಮಗು ಇದೆಯಾ? ನಿಮ್ಮ ಮನೆಮಾತು ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಮಲಯಾಳ, ತಮಿಳು, ತುಳು, ಉರ್ದು ಯಾವುದೇ ಇರಲಿ, ಮಗುವಿನ ಜೊತೆ ಅದರಲ್ಲೇ ಮನಸ್ಸು ಬಿಚ್ಚಿ ಮಾತಾಡಿ. ಶಾಲೆ ತೆರೆಯುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಮಗು ನೀರು ಹೇಗೆ ಕೇಳುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಟೀಚರಿಗೆ ಹೇಳಿ. ಅದು ನಿಮಗೆ ಮಾತ್ರ ಗೊತ್ತಿರುವ ವಿಷಯ, ಹೇಳಲು ಸಂಕೋಚ ಬೇಡ.

ಶಿಕ್ಷಕರೇ, ನೀವೂ ಕೇಳಿ. ಪ್ರತಿ ಮಗುವಿನ ಮನೆಮಾತಿನ ನಾಲ್ಕು ಪದ ನಿಮ್ಮ ಬಾಯಲ್ಲಿರಲಿ. ತಪ್ಪಿದರೆ ಮಕ್ಕಳೇ ತಿದ್ದುತ್ತಾರೆ. ಮೊದಲ ದಿನ ಒಂದು ಮಗು ತನಗೆ ಬಂದ ಹಾಗೆ ಬಾಯಿ ತೆರೆದಾಗ ಕ್ಲಾಸು ನಗುತ್ತದೋ, ಕಿವಿಗೊಡುತ್ತದೋ, ಅದು ನಿಮ್ಮ ಮುಖ ನೋಡಿಯೇ ತೀರ್ಮಾನವಾಗುತ್ತದೆ.